ಅವ್ವನ ಸಿದ್ದಪ್ಪಾಜಿ ಮತ್ತು ನನ್ನ ನಗು



ಸ್ವಲ್ಪ ಉದ್ದದ ಬರಹ. ಪುರುಸೊತ್ತು ಇದ್ದಾಗ ಓದಿ. ಬರುವ ತಿಂಗಳಿಗೆ ನನ್ನ ತಮ್ಮ ಹೋಗಿ ಎರಡು ವರ್ಷ. ಇಷ್ಟು ದಿನ ಇದನ್ನ ಬರೆಯಲು ಧೈರ್ಯ ಆಗಲಿಲ್ಲ. ಯಾಕೆಂದರೆ ಇದರಲ್ಲಿ ತಪ್ಪು ಮಾಡಿದವನು ನಾನೇ.

ಹೋದ ವಾರ ನಮ್ಮದೇ ಒಂದು ವಾಟ್ಸಾಪ್ ಗುಂಪಿನಲ್ಲಿ ಒಬ್ಬ ಹುಡುಗ ತನ್ನ ತಾಯಿಯ ಫೋಟೋ ಹಾಕಿದ್ದ. ಆಯಮ್ಮ ಮಾರಮ್ಮನ ಗುಡಿ ಮುಂದೆ ಕೈ ಮುಗಿದು, ಕಣ್ಣು ಮುಚ್ಚಿ ನಿಂತಿದ್ದಾರೆ. "ಇವರನ್ನ ಯಾವಾಗ ಎಬ್ಬಿಸೋದು?" ಅಂತ ಮೇಲೆ ಬರೆದಿದ್ದ. ಕೆಳಗೆ ಸಾಲು ಸಾಲು ನಗುವ ಮುಖಗಳು. ಹತ್ತು ವರ್ಷದ ಹಿಂದೆ ಆಗಿದ್ದರೆ ನಾನೂ ಒಂದು ಒತ್ತಿರುತ್ತಿದ್ದೆ. ಅವತ್ತು ಫೋನ್ ಕೆಳಗಿಟ್ಟು ಸುಮ್ಮನೆ ಕೂತುಬಿಟ್ಟೆ. ಆ ನಗು ನನಗೆ ಗೊತ್ತಿರುವ ನಗು.

ನಮ್ಮದು ಚಾಮರಾಜನಗರದ ಕಡೆಯ ಊರು. ಅವ್ವ ಸಿದ್ದಪ್ಪಾಜಿ ಒಕ್ಕಲು. ನಾನು ಚಿಕ್ಕವನಿದ್ದಾಗ ನಮ್ಮ ಬೀದಿಯಲ್ಲಿ ವರ್ಷಕ್ಕೊಂದು ಸಲವಾದರೂ ನೀಲಗಾರರು ತಂಬೂರಿ ಹಿಡಿದು ಬರುತ್ತಿದ್ದರು. ರಾತ್ರಿಯೆಲ್ಲ ಮಂಟೇಸ್ವಾಮಿ ಕತೆ. ನಾನೂ ತಮ್ಮನೂ ಅವ್ವನ ಸೆರಗು ಹೊದ್ದು ಅರ್ಧ ಕೇಳಿ ಅರ್ಧ ನಿದ್ದೆ ಮಾಡುತ್ತಿದ್ದೆವು. ಬೆಳಗ್ಗೆ ಎದ್ದರೆ ಹಣೆ ಮೇಲೆ ಕಪ್ಪು ಧೂಳ್ತ ಇರುತ್ತಿತ್ತು. ನಿದ್ದೆಯಲ್ಲೇ ಅವ್ವ ಇಟ್ಟಿರುತ್ತಿದ್ದಳು.

ಆಮೇಲೆ ನಾನು ಓದಲು ಪಟ್ಟಣಕ್ಕೆ ಬಂದೆ. ಬಿ.ಎ. ಓದುವಾಗ ಹಾಸ್ಟೆಲಿನಲ್ಲಿ ಸಂಘಟನೆಯ ಅಣ್ಣಂದಿರು ಸಿಕ್ಕರು, ಬಾಬಾ ಸಾಹೇಬರ ಪುಸ್ತಕ ಸಿಕ್ಕಿತು. ಊರಿಗೆ ಹೋದವನೇ ಗೋಡೆ ಮೇಲಿನ ದೇವರ ಪಟಗಳನ್ನೆಲ್ಲ ಇಳಿಸಿದೆ. ಅವ್ವ ಜಗಳ ಆಡಲಿಲ್ಲ. ಸಿದ್ದಪ್ಪಾಜಿ ಪಟವನ್ನ ಸೀರೆಯಲ್ಲಿ ಸುತ್ತಿ ಟ್ರಂಕಿನೊಳಗೆ ಇಟ್ಟುಕೊಂಡಳು, ಅಷ್ಟೆ.

ನನಗೆ ದೇವರ ಮೇಲೆ ಸಿಟ್ಟು ಬರಲು ಪುಸ್ತಕ ಒಂದೇ ಕಾರಣ ಅಲ್ಲ. ಅಪ್ಪ ಒಂದು ವರ್ಷ ದುಡಿದ ಕೂಲಿಯನ್ನ ಊರಿನ ಯಜಮಾನ ಕೊಡಲಿಲ್ಲ. ಕೇಳಲು ಹೋದಾಗ ನಾನೂ ಜೊತೆಗಿದ್ದೆ. ಜಗಲಿ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಾ "ದೇವ್ರು ನೋಡ್ಕತಾನೆ, ಓಗ್ಲಾ" ಅಂದ. ಅಪ್ಪ ತಲೆ ತಗ್ಗಿಸಿ ವಾಪಸ್ ಬಂದ. ಅವತ್ತಿನಿಂದ "ದೇವರ ಮೇಲೆ ಭಾರ ಹಾಕು" ಅನ್ನುವ ಮಾತು ಯಾರ ಬಾಯಲ್ಲಿ ಬಂದರೂ ನನಗೆ ಆ ಜಗಲಿಯೇ ಕಣ್ಣಮುಂದೆ ಬರುತ್ತಿತ್ತು. ಈಗಲೂ ಬರುತ್ತದೆ.

ತಮ್ಮ ಟೆಂಪೋ ಓಡಿಸುತ್ತಿದ್ದ. ಮೂವತ್ತನಾಲ್ಕು ವರ್ಷ. ಕಾಲು ಊದಿಕೊಳ್ಳುತ್ತೆ ಅಂತ ಮೂರ್ನಾಲ್ಕು ತಿಂಗಳು ಮಾತ್ರೆ ನುಂಗಿಕೊಂಡು ಕಾಲ ತಳ್ಳಿದ. ಕೊನೆಗೆ ಉಸಿರಾಡೋದೇ ಕಷ್ಟ ಆದಾಗ ಕರೆದುಕೊಂಡು ಹೋದೆವು. ಬಿ.ಪಿ. ವರ್ಷಗಟ್ಟಲೆ ಏರಿಕೊಂಡೇ ಇತ್ತಂತೆ. ಎರಡು ಕಿಡ್ನಿಯೂ ಹೋಗಿದ್ದವು. ಕಿಡ್ನಿ ಕೊಡುತ್ತೇನೆ ಅಂತ ಅವ್ವ ಮುಂದೆ ಬಂದಳು, ಅವಳಿಗೆ ಸಕ್ಕರೆ ಕಾಯಿಲೆ. ನಾನು ಮುಂದೆ ಬಂದೆ, ನನಗೂ ಬಿ.ಪಿ., ಸಕ್ಕರೆ ಎರಡೂ ಶುರುವಾಗಿದ್ದವು. ಬೇಡ ಅಂದರು. ಉಳಿದದ್ದು ಡಯಾಲಿಸಿಸ್.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ವಾರಕ್ಕೆ ಎರಡು ಮೂರು ಸಲ, ಒಂದೊಂದು ಸಲಕ್ಕೆ ನಾಲ್ಕು ಗಂಟೆ, ಮೈಯ ರಕ್ತವೆಲ್ಲ ಮಿಷಿನ್ನಿಗೆ ಹೋಗಿ ಶುದ್ಧವಾಗಿ ಬರಬೇಕು. ನೀರನ್ನ ಅಳೆದು ಕುಡಿಯಬೇಕು. ತಮ್ಮನಿಗೆ ದಿನಕ್ಕೆ ಒಂದು ಲೀಟರ್ ಒಳಗೆ ಅಂದಿದ್ದರು, ಸಾರು, ಕಾಫಿ, ಮಜ್ಜಿಗೆ ಎಲ್ಲ ಸೇರಿ. ಬೇಸಿಗೆಯಲ್ಲಿ ಅವನು ಒಂದು ಲೋಟ ನೀರನ್ನ ನೋಡುತ್ತಾ ಕೂರುತ್ತಿದ್ದ. ಅವ್ವ ಅವನ ಎದುರು ನೀರು ಕುಡಿಯುವುದನ್ನೇ ಬಿಟ್ಟಳು. ಬಾಯಾರಿದರೆ ಎದ್ದು ಹಿತ್ತಲಿಗೆ ಹೋಗಿ ಕುಡಿದು ಬರುತ್ತಿದ್ದಳು.

ಸೂಜಿ ಚುಚ್ಚಲು ಕೈಯಲ್ಲಿ ಒಂದು ಆಪರೇಷನ್ ಮಾಡುತ್ತಾರೆ. ಎರಡು ರಕ್ತನಾಳ ಸೇರಿಸಿ ಹೊಲಿಯುತ್ತಾರೆ. ಫಿಸ್ಟುಲಾ ಅನ್ನುತ್ತಾರೆ. ಅದು ಸರಿಯಾಗಿದ್ದರೆ ಆ ಜಾಗದ ಮೇಲೆ ಕೈ ಇಟ್ಟಾಗ ಒಳಗೆ ಗುಂಯ್ ಅಂತ ನಡುಗುವುದು ಗೊತ್ತಾಗುತ್ತದೆ. "ದಿನಾ ಮುಟ್ಟಿ ನೋಡ್ಕೊಳ್ಳಿ, ಇದು ನಿಂತ್ರೆ ತಕ್ಷಣ ಬನ್ನಿ" ಅಂತ ಟೆಕ್ನಿಷಿಯನ್ ಹುಡುಗ ಹೇಳಿಕೊಟ್ಟ. ಆ ಕೆಲಸವನ್ನ ಅವ್ವ ತಾನೇ ತೆಗೆದುಕೊಂಡಳು. ಬೆಳಗ್ಗೆ ಎದ್ದು ಮುಖ ತೊಳೆದು, ತಾನು ಧೂಳ್ತ ಇಟ್ಟುಕೊಂಡು, ಮಲಗಿರುವ ತಮ್ಮನ ಕೈ ಮೇಲೆ ಕೈ ಇಟ್ಟು ಕಣ್ಣು ಮುಚ್ಚಿ ಕೂರುತ್ತಿದ್ದಳು. ತುಟಿ ಅಲ್ಲಾಡುತ್ತಿತ್ತು. ಆಮೇಲೆ ಹೊರಗೆ ಬಂದು ನನ್ನ ಹೆಂಡತಿಗೆ "ಗುಂಯ್ ಅಂತ ಅದ ಕನವ್ವ" ಅನ್ನುತ್ತಿದ್ದಳು. ಆಮೇಲೇ ಒಲೆ ಹಚ್ಚುವುದು.

ನಾನು ಒಳಗೊಳಗೇ ಅಂದುಕೊಳ್ಳುತ್ತಿದ್ದೆ: ವೈದ್ಯಕೀಯ ಪರೀಕ್ಷೆಗೂ ಪೂಜೆ ಸೇರಿಸಿಬಿಟ್ಟಳಲ್ಲ.

ಡಯಾಲಿಸಿಸ್ ಶುರುವಾದ ಎರಡನೇ ವರ್ಷ, ನಾವು ಹೋಗುತ್ತಿದ್ದ ಆಸ್ಪತ್ರೆಯ ಎರಡು ಮಿಷಿನ್‌ಗಳಲ್ಲಿ ಒಂದು ಕೆಟ್ಟು ನಿಂತಿತು. ಒಂದು ತಿಂಗಳಾಯಿತು, ಎರಡು ತಿಂಗಳಾಯಿತು. ವಾರಕ್ಕೆ ಎರಡು ಸಲ ಆಗುತ್ತಿದ್ದದ್ದು ಒಂದು ಸಲಕ್ಕೆ ಬಂತು. ಜನರ ಮುಖ ಊದಿಕೊಂಡು ಗುರುತು ಸಿಗದಂತೆ ಆದವು. ಮನವಿ ಬರೆದವನು ನಾನು. ನಾನು ಗುಮಾಸ್ತ, ಮನವಿ ಬರೆಯೋದು ನನಗೆ ಚೆನ್ನಾಗಿ ಬರುತ್ತದೆ. ಆದರೆ ನೌಕರನಾಗಿ ಧರಣಿಯಲ್ಲಿ ಮುಂದೆ ಕೂರುವ ಹಾಗಿಲ್ಲ. ಆಸ್ಪತ್ರೆ ಗೇಟಿನ ಮುಂದೆ ಕೂತದ್ದು ರೋಗಿಗಳ ಮನೆಯವರು. ಮೊದಲ ಸಾಲಿನಲ್ಲಿ ಅವ್ವ.

ಅವತ್ತು ಅವ್ವ ಹಣೆ ತುಂಬಾ ಧೂಳ್ತ ಬಳಿದುಕೊಂಡು ಬಂದಿದ್ದಳು. ಕೂರುವ ಮೊದಲು ಕೈ ಮುಗಿದು "ಸಿದ್ದಪ್ಪಾಜಿ, ನೀನೇ ನಡೆಸಪ್ಪ" ಅಂದಳು. ಪಕ್ಕದಲ್ಲಿದ್ದ ನಮ್ಮ ಸಂಘಟನೆಯ ಹುಡುಗ ನನ್ನ ಮುಖ ನೋಡಿ ನಕ್ಕ. "ಅಣ್ಣ, ಬ್ಯಾನರ್‌ನಲ್ಲಿ ಬಾಬಾ ಸಾಹೇಬ್ರು, ಹಣೆ ಮೇಲೆ ಸಿದ್ದಪ್ಪಾಜಿ" ಅಂದ. ನಾನೂ ನಕ್ಕೆ. ಅವ್ವ ನೋಡಿದಳು. ನಾನು ನಕ್ಕದ್ದನ್ನ ಅವಳು ನೋಡಿದಳು. ಏನೂ ಅನ್ನಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಒಬ್ಬ ಅಧಿಕಾರಿ ಹೊರಗೆ ಬಂದರು. ಒಳ್ಳೆಯ ಮಾತಿನ ಮನುಷ್ಯ. ಹಣೆಯ ಧೂಳ್ತ ನೋಡಿಯೋ ಏನೋ, ನೇರ ಅವ್ವನ ಹತ್ತಿರ ಬಂದು ಬಗ್ಗಿ, "ಅಮ್ಮ, ನಿಮ್ಮ ವಯಸ್ಸಿಗೆ ಬಿಸಿಲಲ್ಲಿ ಯಾಕೆ ಕೂರ್ತೀರಿ, ದೇವರ ಮೇಲೆ ಭಾರ ಹಾಕಿ ಮನೆಗೆ ಹೋಗಿ, ಎಲ್ಲಾ ಸರಿಹೋಗುತ್ತೆ" ಅಂದರು. ನನಗೆ ಅಪ್ಪನ ಜಗಲಿ ನೆನಪಾಗಿ ಮೈ ಉರಿಯಿತು. ಮಾತಾಡೋಣ ಅಂತ ಮುಂದೆ ಬರುವಷ್ಟರಲ್ಲಿ ಅವ್ವನೇ ಹೇಳಿದಳು:

"ದೇವ್ರ ಮ್ಯಾಲ ಯಾವ ಭಾರ ಹಾಕ್ಬೇಕು ಅನ್ನೋದು ನನಗ ಗೊತ್ತದ ಸ್ವಾಮಿ. ಇದು ನಿಮ್ಮ ಭಾರ. ಮಿಷನ್ನ ಸಿದ್ದಪ್ಪಾಜಿನ ಯಾಕ ಕೇಳ್ಲಿ? ನಿಮ್ಮನ್ನೇ ಕೇಳ್ತೀನಿ."

ಕೂತವರೆಲ್ಲ ಚಪ್ಪಾಳೆ ತಟ್ಟಿದರು. ನಕ್ಕಿದ್ದ ಹುಡುಗನೂ ತಟ್ಟಿದ. ಹದಿನೈದು ದಿನದೊಳಗೆ ಮಿಷಿನ್ ರಿಪೇರಿ ಆಯಿತು. ನಾನು ಆ ಮಾತನ್ನ ಒಳ್ಳೆಯ ಘೋಷಣೆ ಅಂದುಕೊಂಡು ಎರಡು ಸಭೆಯಲ್ಲಿ ಹೇಳಿದೆ. ಅದರ ಅರ್ಥ ನನಗೆ ಆಗ ಆಗಿರಲಿಲ್ಲ.

ಒಂದು ರಾತ್ರಿ ತಮ್ಮನಿಗೆ ನಿದ್ದೆ ಬರುತ್ತಿರಲಿಲ್ಲ. ಮೈಯೆಲ್ಲ ನವೆ, ಕಾಲು ಸೆಳೆತ. ನೀರು ಕುಡಿಯಲು ಎದ್ದವನು ಬಾಗಿಲ ಸಂದಿಯಲ್ಲಿ ನೋಡಿದೆ. ಅವ್ವ ಅವನ ಹಣೆಗೆ ಧೂಳ್ತ ಹಚ್ಚುತ್ತಿದ್ದಾಳೆ. ಅವನು ನನ್ನ ತಮ್ಮ, ನನ್ನ ಕೈಯಲ್ಲೇ ಓದಿಸಿಕೊಂಡವನು, ಏಪ್ರಿಲ್ 14ಕ್ಕೆ ಟೆಂಪೋಗೆ ನೀಲಿ ಬಾವುಟ ಕಟ್ಟಿ ಊರೂರು ಸುತ್ತಿದವನು. ನನಗೆ ಮೋಸ ಆದ ಹಾಗಾಯಿತು. ಬೆಳಗ್ಗೆ ಅವನನ್ನ ಕೇಳಿದೆ, "ಏನೋ, ನೀನೂ ಶುರು ಮಾಡ್ಕೊಂಡ್ಯಾ?"

ಅವನು ತುಂಬಾ ಹೊತ್ತು ಸುಮ್ಮನಿದ್ದ. ಆಮೇಲೆ "ನಾನೇ ಕೇಳ್ದೆ ಕಣಣ್ಣ. ಅವ್ವನ ಕೈ ತಣ್ಣಗಿತ್ತು" ಅಂದ.

ನಾನು ಭಾಷಣ ಶುರು ಮಾಡಿದೆ. ನಮ್ಮನ್ನ ಸಾವಿರಾರು ವರ್ಷ ಹೀಗೇ ಮಲಗಿಸಿದ್ದಾರೆ, ಇತ್ಯಾದಿ. ಅವನು ಕೇಳಿಸಿಕೊಂಡ. ಡಯಾಲಿಸಿಸ್ ಮಾಡಿಸಿಕೊಂಡು ಬಂದ ಸುಸ್ತಿನಲ್ಲಿ ಗೋಡೆ ಕಡೆ ತಿರುಗಿ ಮಲಗಿದ. ಸಾಯುತ್ತಿರುವ ತಮ್ಮನಿಗೆ ನಾನು ಭಾಷಣ ಮಾಡಿದೆ. ಇದನ್ನ ಇಲ್ಲಿ ಬರೆಯಲೇಬೇಕು.

ಒಂದು ಮಾತು ಸ್ಪಷ್ಟ ಮಾಡುತ್ತೇನೆ. ದೇವರನ್ನ ನಂಬಿ ಚಿಕಿತ್ಸೆ ಬಿಟ್ಟವರನ್ನೂ ಅದೇ ವಾರ್ಡಿನಲ್ಲಿ ನೋಡಿದ್ದೇನೆ. ತಾಯತ ಕಟ್ಟುವವನ ಮಾತು ಕೇಳಿ ಡಯಾಲಿಸಿಸ್ ನಿಲ್ಲಿಸಿದ ಒಬ್ಬರು ಎರಡು ವಾರ ದಾಟಲಿಲ್ಲ. ಅಂಥ ನಂಬಿಕೆ ಕೊಲ್ಲುತ್ತದೆ, ಅದರ ವಿರುದ್ಧ ಮಾತಾಡಲೇಬೇಕು. ಆದರೆ ಅವ್ವ ಒಂದೇ ಒಂದು ದಿನವೂ ಡಯಾಲಿಸಿಸ್ ತಪ್ಪಿಸಲಿಲ್ಲ. ಯಾವ ಮಾತ್ರೆ ಎಷ್ಟು ಗಂಟೆಗೆ ಅನ್ನೋದು ಅಕ್ಷರ ಬರದ ಅವಳಿಗೇ ಗೊತ್ತಿತ್ತು, ಬಿ.ಎ. ಓದಿದ ನನಗಲ್ಲ. ಇವೆರಡೂ ಬೇರೆ ಬೇರೆ ಅಂತ ನನಗೆ ಆಗ ಕಾಣಲಿಲ್ಲ.

ಅಕ್ಟೋಬರ್ ಕೊನೆಯ ಒಂದು ಬೆಳಗ್ಗೆ ಅವ್ವ ಕೋಣೆಯಿಂದ ಹೊರಗೆ ಬಂದು ಒಲೆ ಹತ್ತಿರ ಹೋಗಲಿಲ್ಲ. ನನ್ನ ಹತ್ತಿರ ಬಂದು ನಿಂತಳು.

"ಮಗ, ಕೈ ಮಾತಾಡ್ತಿಲ್ಲ ಕನಪ್ಪ."

ಫಿಸ್ಟುಲಾದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಓಡಿದೆವು. ಸರಿ ಮಾಡಲು ಆಗಲಿಲ್ಲ. ಕುತ್ತಿಗೆಗೆ ಪೈಪ್ ಹಾಕಿ ಡಯಾಲಿಸಿಸ್ ಮಾಡಿದರು. ಮೂರನೇ ವಾರಕ್ಕೆ ಚಳಿಜ್ವರ. ಸೋಂಕು ರಕ್ತಕ್ಕೆ ಸೇರಿದೆ ಅಂದರು. ಐದು ದಿನ. ಆ ಐದು ದಿನದಲ್ಲಿ ನಾನು ಎಷ್ಟು ಸಲ ವಾರ್ಡಿನಿಂದ ಹೊರಗೆ ಓಡಿ ಹೋಗಿ ಸೈಕಲ್ ಸ್ಟ್ಯಾಂಡಿನ ಹಿಂದೆ ನಿಂತು ಅತ್ತೆನೋ ಲೆಕ್ಕ ಇಲ್ಲ. ಅವ್ವ ಮಾತ್ರ ಮಂಚದ ಪಕ್ಕ ಕದಲಲಿಲ್ಲ. ಮಾತು ನಿಂತಿದ್ದ ಕೈ ಮೇಲೆ ತನ್ನ ಕೈ ಇಟ್ಟುಕೊಂಡು, ಅವನು ಚಿಕ್ಕವನಿದ್ದಾಗ ಕುರಿ ಕಾಯಲು ಹೋಗಿ ಮರದ ಮೇಲೆ ನಿದ್ದೆ ಮಾಡಿದ ಕತೆ ಹೇಳುತ್ತಿದ್ದಳು. ಕೊನೆಯ ದಿನ ಅವನು ನಕ್ಕಿದ್ದು ಆ ಕತೆಗೆ.

ಮಣ್ಣು ಮಾಡಿ ಬಂದ ರಾತ್ರಿ ನನ್ನ ಸಿಟ್ಟೆಲ್ಲ ಅವ್ವನ ಮೇಲೆ ತಿರುಗಿತು. ಯಾರ ಮೇಲೆ ತಿರುಗಿಸಬೇಕು ಅಂತ ಗೊತ್ತಾಗದೆ ಅವಳ ಮೇಲೆ. "ಏನ್ ಮಾಡ್ದ ನಿನ್ನ ಸಿದ್ದಪ್ಪಾಜಿ? ಎರಡೂವರೆ ವರ್ಷ ಕೈ ಮುಗಿದ್ಯಲ್ಲ, ಏನ್ ಕೊಟ್ಟ?" ಅಂತ ಕೂಗಿದೆ. ನೆಂಟರೆಲ್ಲ ಸುಮ್ಮನಾದರು.

ಅವ್ವ ಗೋಡೆಗೆ ಒರಗಿ ಕೂತಿದ್ದಳು. ದನಿ ಎತ್ತಲಿಲ್ಲ.

"ಅವ ಏನ ಮಾಡಾನು ಮಗ. ಅವನೂ ಹಲಗೂರಲ್ಲಿ ಪಡಬಾರದ್ ಪಟ್ಟವನೇ. ಉಳಿಸ್ಕೊಡು ಅಂತ ಮೊದಲ್ನೇ ವರ್ಸ ಕೇಳ್ದಿ. ಡಾಕುಟ್ರು ಹೇಳುದ್ ಮ್ಯಾಲ ಅದ ಕೇಳದ ಬುಟ್ಟಿ."

"ಮತ್ತೆ ದಿನಾ ಅವನ ಕೈ ಹಿಡ್ಕೊಂಡು ಏನ್ ಕೇಳ್ತಿದ್ದೆ?"

"ಇವತ್ತೊಂದಿನ ನನ್ನ ಕಂದನ ಮುಂದ ನಾನು ಅಳದಂಗ ಮಾಡಪ್ಪ ಅಂತ. ಅಷ್ಟೇಯ. ಕೊಟ್ಟ ಕನ."

ಅಷ್ಟು ಹೇಳಿ ಆಮೇಲೆ ಅತ್ತಳು. ಎರಡೂವರೆ ವರ್ಷದ್ದನ್ನೆಲ್ಲ ಅವತ್ತು ಅತ್ತಳು.

ನಾನು ಯೋಚಿಸಿ ನೋಡಿದೆ. ನಿಜ. ತಮ್ಮನ ಎದುರಿಗೆ ಅವ್ವ ಒಂದು ಸಲವೂ ಅತ್ತದ್ದು ನಾನು ನೋಡಿಲ್ಲ. ನನ್ನ ಕೈಲಿ ಐದು ದಿನ ಆಗಲಿಲ್ಲ. ಮಿಷಿನ್ನನ್ನ ಸರ್ಕಾರದ ಹತ್ತಿರ ಕೇಳಿದಳು, ಔಷಧಿಯನ್ನ ಡಾಕ್ಟರ ಹತ್ತಿರ ಕೇಳಿದಳು. ಯಾವ ಕಚೇರಿಯಲ್ಲೂ ಅರ್ಜಿ ಹಾಕಲು ಆಗದ ಒಂದನ್ನ ಮಾತ್ರ ಸಿದ್ದಪ್ಪಾಜಿ ಹತ್ತಿರ ಕೇಳಿದಳು. ದೇವರ ಮೇಲೆ ಯಾವ ಭಾರ ಹಾಕಬೇಕು ಅಂತ ಗೊತ್ತು ಅಂದಿದ್ದಳಲ್ಲ, ಅದು ಇದು. ನಾನು ಅದನ್ನ ಘೋಷಣೆ ಮಾಡಿಕೊಂಡು ತಿರುಗಿದ್ದೆ.

ಆ ದಿನಗಳಲ್ಲಿ ರಾತ್ರಿ ನಿದ್ದೆ ಇರಲಿಲ್ಲ. ಬಾಬಾ ಸಾಹೇಬರನ್ನ ಮತ್ತೆ ಓದಿದೆ. ಈ ಸಲ ರಮಾಬಾಯಿ ಅವರಿಗಾಗಿ ಓದಿದೆ. ಐದು ಮಕ್ಕಳಲ್ಲಿ ನಾಲ್ಕು ಮಕ್ಕಳನ್ನ ಮಣ್ಣು ಮಾಡಿದ ತಾಯಿ. ಕೊನೆಯ ಮಗ ರಾಜರತ್ನ ತೀರಿಕೊಂಡದ್ದು 1926ರಲ್ಲಿ. ಆ ತಾಯಿಗೆ ಪಂಢರಪುರಕ್ಕೆ ಹೋಗಬೇಕು ಅಂತ ಆಸೆ. ಅಲ್ಲಿ ನಮ್ಮವರು ಹೊರಗೆ ನಿಂತೇ ಕೈ ಮುಗಿಯಬೇಕಿತ್ತು. ಭಕ್ತರನ್ನ ದೂರ ನಿಲ್ಲಿಸುವ ಆ ಪಂಢರಪುರ ಯಾಕೆ, ನಾವೇ ಇನ್ನೊಂದು ಪಂಢರಪುರ ಕಟ್ಟೋಣ ಎಂಬರ್ಥದಲ್ಲಿ ಬಾಬಾ ಸಾಹೇಬರು ಸಮಾಧಾನ ಹೇಳಿದರು. ಇದನ್ನ ನಾನು ಎಷ್ಟೋ ಸಭೆಯಲ್ಲಿ ಹೇಳಿದ್ದೇನೆ. ಆದರೆ ಆ ಮಾತಿನಲ್ಲಿ ಹೆಂಡತಿಯ ನಂಬಿಕೆಯ ಮೇಲೆ ನಗು ಇಲ್ಲ ಅನ್ನೋದನ್ನ ಗಮನಿಸಿರಲಿಲ್ಲ. ಅವರ ಸಿಟ್ಟೆಲ್ಲ ಬಾಗಿಲು ಹಾಕಿದವರ ಮೇಲೆ.

1935ರ ಮೇ 27ರಂದು ರಮಾಬಾಯಿ ತೀರಿಕೊಂಡರು. ಅದೇ ವರ್ಷ ಅಕ್ಟೋಬರ್ 13ರಂದು ಯೇವಲಾದಲ್ಲಿ ಬಾಬಾ ಸಾಹೇಬರು ಹಿಂದೂವಾಗಿ ಸಾಯುವುದಿಲ್ಲ ಅಂತ ಘೋಷಿಸಿದರು. 1940ರಲ್ಲಿ ಪಾಕಿಸ್ತಾನದ ಪ್ರಶ್ನೆ ಕುರಿತು ಬರೆದ ಪುಸ್ತಕವನ್ನ "ರಾಮು" ನೆನಪಿಗೆ ಅರ್ಪಿಸಿದರು. ಆ ಅರ್ಪಣೆಯಲ್ಲಿ ಅವರು ನೆನೆಯುವುದು ಆಕೆಯ ಒಳ್ಳೆಯತನವನ್ನ, ಮತ್ತು ಯಾರೂ ಜೊತೆಗಿಲ್ಲದ ದಿನಗಳಲ್ಲಿ ಕಷ್ಟ ಸಹಿಸಿದ ತಣ್ಣನೆಯ ಧೈರ್ಯವನ್ನ. ಅದನ್ನ ಓದಿದಾಗ ತಮ್ಮನ ಮಾತು ನೆನಪಾಯಿತು. ಅವ್ವನ ಕೈ ತಣ್ಣಗಿತ್ತು ಅಂದಿದ್ದನಲ್ಲ.

ಇನ್ನೊಂದು. 1956ರ ಅಕ್ಟೋಬರ್ 15ರಂದು, ದೀಕ್ಷೆ ತೆಗೆದುಕೊಂಡ ಮರುದಿನ, ನಾಗಪುರದ ಭಾಷಣದಲ್ಲಿ ಬಾಬಾ ಸಾಹೇಬರು ಧರ್ಮ ಬಡವರಿಗೇ ಹೆಚ್ಚು ಬೇಕು, ಬಡವ ಬದುಕುವುದೇ ಭರವಸೆಯ ಮೇಲೆ ಅನ್ನುವ ಮಾತು ಹೇಳುತ್ತಾರೆ. ದೇವರನ್ನ ಬಿಟ್ಟರು, ಆದರೆ ನಮ್ಮ ಜನರ ಕೈ ಖಾಲಿ ಬಿಡಲಿಲ್ಲ, ಬುದ್ಧನನ್ನ ಕೊಟ್ಟರು. ನಾನು ಅವ್ವನ ಗೋಡೆಯಿಂದ ಪಟ ಇಳಿಸಿದಾಗ ಅವಳ ಕೈಗೆ ಏನು ಕೊಟ್ಟೆ? ಅವಳ ಜೊತೆ ಕೂತು ಬುದ್ಧನ ಬಗ್ಗೆ ಒಂದು ಸಂಜೆ ಮಾತಾಡಿದ್ದೇನಾ? ಇಲ್ಲ. ಮೊಳೆ ಮಾತ್ರ ಉಳಿಸಿದ್ದೆ.

ಹೋದ ಜನವರಿಯಲ್ಲಿ ಅವ್ವ ಚಿಕ್ಕಲ್ಲೂರು ಜಾತ್ರೆಗೆ ಹೋಗಬೇಕು ಅಂದಳು. ಅವನು ಹೋದ ಮೊದಲ ವರ್ಷ ಹೋಗಿರಲಿಲ್ಲ. ನಾನು ಎರಡು ದಿನ ರಜೆ ಹಾಕಿ ಕರೆದುಕೊಂಡು ಹೋದೆ. ಅದು ಕೊಳ್ಳೇಗಾಲದ ಕಡೆ, ಐದು ದಿನದ ಜಾತ್ರೆ. ಪಂಕ್ತಿಸೇವೆಯ ದಿನ ಹೊಲದಲ್ಲೆಲ್ಲ ಬಿಡಾರ, ಒಲೆ, ಹೊಗೆ. ಹಲವು ಜಾತಿಯ ಜನ ಮಾಂಸದಡುಗೆ ಮಾಡಿ, ಸಾಲಾಗಿ ಕೂತು ಹಂಚಿಕೊಂಡು ಉಣ್ಣುವುದೇ ಅಲ್ಲಿನ ಸೇವೆ. ಪ್ರಾಣಿಬಲಿ ನಿಷೇಧದ ಹೆಸರಲ್ಲಿ ಇದಕ್ಕೂ ಎಷ್ಟು ತಡೆ ಒಡ್ಡುತ್ತಾರೆ, ಇದು ಬಲಿ ಅಲ್ಲ ಊಟ ಅಂತ ನಮ್ಮವರು ಎಷ್ಟು ಹೋರಾಡಿದ್ದಾರೆ ಅಂತ ನಿಮಗೆ ಗೊತ್ತು. ನಾನೇ ಅದರ ಬಗ್ಗೆ ಪೋಸ್ಟ್ ಹಾಕಿದ್ದೇನೆ. ಆದರೆ ಆ ಸಾಲಿನಲ್ಲಿ ಕೂತದ್ದು ಅದೇ ಮೊದಲು.

ಯಾರೋ ಗುರುತಿಲ್ಲದ ಹೆಂಗಸು ಅವ್ವನ ಎಲೆಗೆ ಮುದ್ದೆ ಇಡುತ್ತಾ "ಒಬ್ಳೇ ಬಂದಿದ್ದೀಯವ್ವ?" ಅಂದರು. ಅವ್ವ "ಇಬ್ರು ಮಕ್ಳು ಕನವ್ವ. ಒಬ್ಬ ಬಂದವ್ನ" ಅಂದಳು. ಆಯಮ್ಮನಿಗೆ ಅರ್ಥವಾಯಿತು. ಏನೂ ಕೇಳದೆ ಪಕ್ಕದಲ್ಲೇ ಕೂತು ತಾನೂ ಉಣ್ಣಲು ಶುರು ಮಾಡಿದರು. ಸ್ವಲ್ಪ ದೂರದಲ್ಲಿ ನೀಲಗಾರರು ಮಂಟೇಸ್ವಾಮಿ ಕಲ್ಯಾಣಕ್ಕೆ ಬಂದ ಕತೆ ಹಾಡುತ್ತಿದ್ದರು. ಕೊಳಕು ವೇಷದಲ್ಲಿ ಬಂದ ಗುರುವನ್ನ ಬಾಗಿಲಲ್ಲೇ ತಡೆದು ನಿಲ್ಲಿಸುವ ಭಾಗ. ಚಿಕ್ಕವನಿದ್ದಾಗ ಅರ್ಧ ನಿದ್ದೆಯಲ್ಲಿ ಕೇಳಿದ್ದೆ. ಈಗ ಪೂರ್ತಿ ಕೇಳಿದೆ. 1930ರಲ್ಲಿ ನಾಸಿಕದ ಕಾಳಾರಾಮ ಗುಡಿಯ ಮುಂದೆ ನಮ್ಮವರು ನಿಂತ ಹಾಗೆ, ಅವ್ವನ ದೇವರೂ ಬಾಗಿಲ ಹೊರಗೆ ನಿಂತವನೇ. ಅಪ್ಪನ ಕೂಲಿ ತಿಂದವನ ಬಾಯಲ್ಲಿದ್ದ ದೇವರು ಇವನಲ್ಲ. ಇಷ್ಟು ವರ್ಷ ಎರಡನ್ನೂ ಒಂದೇ ಅಂದುಕೊಂಡು ಜಗಳ ಆಡಿದೆ.

ನಾನು ನಂಬಿದೆ ಅಂತ ಸುಳ್ಳು ಹೇಳುವುದಿಲ್ಲ. ಬಾಬಾ ಸಾಹೇಬರ ಇಪ್ಪತ್ತೆರಡು ಪ್ರತಿಜ್ಞೆ ನನ್ನವೇ. ಧೂಳ್ತ ಇಟ್ಟುಕೊಳ್ಳಲಿಲ್ಲ, ಅವ್ವನೂ ಇಡಲು ಬರಲಿಲ್ಲ. ವಾಪಸ್ ಬರುವಾಗ ಬಸ್ಸಿನಲ್ಲಿ ನನ್ನ ಭುಜಕ್ಕೆ ಒರಗಿ ನಿದ್ದೆ ಮಾಡಿದಳು. ತಮ್ಮ ಹೋದ ಮೇಲೆ ಅವಳು ಹಾಗೆ ನಿದ್ದೆ ಮಾಡಿದ್ದನ್ನ ನೋಡಿರಲಿಲ್ಲ. ಮನೆಗೆ ಬಂದು ಟ್ರಂಕಿನಲ್ಲಿದ್ದ ಪಟವನ್ನ ತೆಗೆದು ಅವಳ ಕೋಣೆಯಲ್ಲಿ ನಾನೇ ನೇತು ಹಾಕಿದೆ. "ಬಾಬಾ ಸಾಯೇಬ್ರ ಪಕ್ಕಕ್ಕ ಬ್ಯಾಡ, ಈಚ್ಗ ಹಾಕು, ಅವರಿಗ ಆಗಕಿಲ್ಲ" ಅಂದಳು. ತುಂಬಾ ದಿನದ ಮೇಲೆ ಇಬ್ಬರೂ ನಕ್ಕೆವು. ಈ ಸಲದ ನಗು ಬೇರೆ.

ತಮ್ಮ, ಫೋಟೋ ಹಾಕಿದ ಹುಡುಗನೇ, ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಗುಡಿ ಮುಂದೆ ನಮ್ಮವರನ್ನ ಬೆತ್ತಲೆ ಮಾಡುವ, ಹರಕೆ ಹೆಸರಲ್ಲಿ ಸಾಲ ಮಾಡಿಸುವ, ಕೂಲಿ ಕೇಳಿದರೆ ದೇವರನ್ನ ತೋರಿಸುವ ಎಲ್ಲದರ ವಿರುದ್ಧ ನಿನ್ನ ಜೊತೆ ನಾನೂ ಬರುತ್ತೇನೆ. ಆದರೆ ಆ ಫೋಟೋ ತೆಗೆಯುವ ಮೊದಲು ನಿಮ್ಮವ್ವನ ಪಕ್ಕ ಒಂದು ಗಳಿಗೆ ಕೂತು, ಏನು ಕೇಳಿಕೊಂಡೆ ಅಂತ ಕೇಳಬಹುದಿತ್ತು. ಅವರು ಕೇಳಿದ್ದು ನಾವು ಕೊಡಬಹುದಾದದ್ದೇ ಆಗಿದ್ದರೆ ಎದ್ದು ಹೋಗಿ ಅದನ್ನ ಮಾಡೋಣ. ಯಾರೂ ಕೊಡಲಾಗದ್ದು ಆಗಿದ್ದರೆ ಸುಮ್ಮನೆ ಪಕ್ಕದಲ್ಲಿ ಕೂರೋಣ.

ನಾನು ಕೇಳಲು ಎರಡೂವರೆ ವರ್ಷ ತಡ ಮಾಡಿದೆ. ನೀನು ಇವತ್ತೇ ಕೇಳು.

ಜೈ ಭೀಮ್.